ತವರಿನವರ ಪಟ್ಟಿ

ಅಮೆರಿಕದ ಪೌರತ್ವವನ್ನು ಸ್ವೀಕರಿಸಿ, ಅಲ್ಲಿಯ ರಕ್ಷಣಾ ಕಾರ್ಯವೊಂದಕ್ಕೆ ಇಂಜಿನಿಯರಾಗಿ ಆಯ್ಕೆಗೊಂಡ ಭಾರತೀಯರು ಸೆಕ್ಯುರಿಟಿ ಕ್ಲಿಯರೆನ್ಸಿಗಾಗಿ ಎಸ್‌ಎಫ್-86 ಎಂಬ ಸುದೀರ್ಘ ಪ್ರಶ್ನಾವಳಿಯನ್ನು ಎದುರಿಗಿಟ್ಟುಕೊಂಡಾಗ, ಹೆತ್ತವರೂ ಒಡಹುಟ್ಟಿದವರೂ ಭಾರತದಲ್ಲಿರುವುದೇ ತಮ್ಮ ಪಾಲಿಗೆ ಅನರ್ಹತೆಯಾದೀತೆಂದು ಶಂಕಿಸುವುದು ಸಹಜವೇ ಸರಿ. ಮೇರಿಲ್ಯಾಂಡಿನಲ್ಲಿ ನೆಲೆಸಿದ ನಾನೂ ಆ ಶಂಕೆಯನ್ನು ಹೊತ್ತೇ ಅರ್ಜಿ ಬರೆಯತೊಡಗಿದೆನು. ಆದರೆ ಆ ಬಾಂಧವ್ಯವನ್ನು ಹಿಡಿದು ಅನ್ಯರು ನಮ್ಮನ್ನು ಬಗ್ಗಿಸಬಲ್ಲರೇ ಎಂಬುದೇ ಅಲ್ಲಿಯ ನಿಜವಾದ ಪ್ರಶ್ನೆಯೆಂಬುದು ಕ್ರಮೇಣ ನನಗೆ ಮನದಟ್ಟಾಯಿತು.

ಕ್ಲಿಯರೆನ್ಸ್ ನೀಡಬಹುದೇ ಎಂಬುದನ್ನು ನಿರ್ಧರಿಸಲು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂತ್ರಗಳಲ್ಲಿ ಎರಡನೆಯದು ವಿದೇಶೀ ಪ್ರಭಾವವನ್ನು ಕುರಿತದ್ದು. ಬಂಧುಗಳಿರುವ ದೇಶ ಯಾವುದು, ಅದು ಅಮೆರಿಕದ ರಹಸ್ಯಗಳನ್ನು ಅರಸುವ ದೇಶವೇ, ಬಂಧುಗಳು ಅಲ್ಲಿಯ ಸರ್ಕಾರದ ಸೇವೆಯಲ್ಲಿರುವರೇ, ಅರ್ಜಿದಾರರ ಮನೆ ಮಕ್ಕಳು ಉದ್ಯೋಗಗಳು ಅಮೆರಿಕದಲ್ಲಿ ಎಷ್ಟು ಆಳವಾಗಿ ಬೇರೂರಿವೆ ಎಂಬಿವನ್ನೆಲ್ಲ ಒಟ್ಟಾಗಿ ತೂಗಿ ನಿರ್ಣಯಿಸುವುದು ಪದ್ಧತಿ. ಕ್ಲಿಯರೆನ್ಸ್ ಯಾರೊಬ್ಬರ ಹಕ್ಕೂ ಅಲ್ಲವೆಂದು 1988ರ ಈಗನ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿರುವುದರಿಂದ, ಉಳಿದ ಸಂದೇಹವು ರಾಷ್ಟ್ರದ ಭದ್ರತೆಯ ಪರವಾಗಿಯೇ ಇತ್ಯರ್ಥವಾಗುತ್ತದೆ.

ತಾಯಿಯೊಡನೆ ಅಪರೂಪಕ್ಕೊಮ್ಮೆ ಮಾತನಾಡುವುದಾಗಿ ಬರೆದುಬಿಡು ಎಂದು ಹಿತೈಷಿಗಳೊಬ್ಬರು ಸಲಹೆಯಿತ್ತರು. ನಾನು ಅದನ್ನು ಒಪ್ಪಲಿಲ್ಲ. ಹೆತ್ತವರೊಡನೆ ಇರುವ ಸಂಪರ್ಕ ಸಡಿಲವಾದುದಲ್ಲವೆಂದೇ ತೀರ್ಪುಗಾರರು ಭಾವಿಸುವರಾದ್ದರಿಂದ ಆ ಮಾತು ನಿಷ್ಪ್ರಯೋಜಕ. ತಿಳಿದೂ ತಿಳಿದೂ ಸುಳ್ಳು ಬರೆಯುವುದು ಅಪರಾಧ. ಎಲ್ಲಕ್ಕಿಂತ ಮಿಗಿಲಾಗಿ, ದಿನವೂ ನನ್ನ ಕರೆಗಾಗಿ ಕಾಯುವ ತಾಯಿಯನ್ನು ಕಾಗದದ ಮೇಲೆ ದೂರದವಳನ್ನಾಗಿ ಮಾಡುವ ಮನಸ್ಸು ನನಗಿರಲಿಲ್ಲ. ದಿನನಿತ್ಯವೂ ಮಾತನಾಡುವೆನೆಂದೇ ಬರೆದೆನು.

ನಮ್ಮಂಥ ಕುಟುಂಬಗಳವರು ವಿಶೇಷವಾಗಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಬಂಧುಗಳ ವಿಭಾಗದಲ್ಲಿ ಚಿಕ್ಕಪ್ಪನಿಗೂ ಸೋದರತ್ತೆಗೂ ಸ್ಥಾನವಿಲ್ಲ. ಆದರೆ ಕಳೆದ 7 ವರ್ಷಗಳಲ್ಲಿ ಪ್ರೀತಿಯಿಂದಲೋ ಋಣದಿಂದಲೋ ನಮ್ಮೊಡನೆ ನಿಕಟವಾಗಿ ಬೆಸೆದುಕೊಂಡಿರುವ ವಿದೇಶೀ ಪ್ರಜೆಗಳನ್ನು ಕೇಳುವ ಮುಂದಿನ ವಿಭಾಗದಲ್ಲಿ, ನನ್ನನ್ನು ಎತ್ತಿ ಆಡಿಸಿ ಓದಿಸಿದ ಚಿಕ್ಕಪ್ಪನ ಹೆಸರನ್ನು ಬರೆಯದಿರಲು ಹೇಗೆ ಸಾಧ್ಯ? ಹೆತ್ತವರಿಗೆ ಕಳುಹಿಸುವ ಹಣವನ್ನೂ ಅರ್ಜಿಯಲ್ಲಿ ಕಾಣಿಸಬೇಕು. ಅರಸೀಕೆರೆಯ ಬಳಿಯ ನಮ್ಮ ಅವಿಭಕ್ತ ತೆಂಗಿನ ತೋಟದಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ಮೇರೆಗೆ ಮಗಳಾದ ನನಗೂ ಜನ್ಮತಃ ಒದಗಿರುವ ಪಾಲನ್ನು, ಅದರಿಂದ ಒಂದು ಕಾಯಿಯೂ ನನ್ನ ಮನೆಗೆ ಬಾರದಿದ್ದರೂ, ವಿದೇಶೀ ಆಸ್ತಿಯ ಅಂಕಣದಲ್ಲಿ ನಮೂದಿಸಿದೆನು. ಭಾರತೀಯ ಮೂಲದವರಿಗೆ ಭಾರತ ನೀಡುವ ಒಸಿಐ ಕಾರ್ಡು ಪೌರತ್ವವಲ್ಲದಿದ್ದರೂ ಅದನ್ನು ಕುರಿತೂ ಬರೆದೆನು.

ಎಲ್ಲಕ್ಕಿಂತ ಕಠಿನವಾದದ್ದು ಅಣ್ಣನ ವಿಷಯ. ಆತ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಉದ್ದಿಮೆಯೊಂದರಲ್ಲಿ ಅಧಿಕಾರಿ. "ನನ್ನ ಹೆಸರಿಂದ ನಿನ್ನ ಕೆಲಸಕ್ಕೆ ಕುತ್ತು ಬರೋಲ್ವೇನೇ?" ಎಂದು ಫೋನಿನಲ್ಲಿ ಕೇಳಿದನು. "ಬರೀದಿದ್ರೆ ಬರುತ್ತೆ, ಅಣ್ಣ" ಎಂದೆನು. ತನಿಖಾಧಿಕಾರಿಯು ಸಂದರ್ಶನದಲ್ಲಿ ಅವನ ಹುದ್ದೆಯನ್ನು ಕುರಿತು ಬಹಳ ಹೊತ್ತು ಪ್ರಶ್ನಿಸಿ, ಅವನ ಮೇಲೆ ಒತ್ತಡ ತಂದು ನಿನ್ನಿಂದ ಮಾಹಿತಿ ಬಯಸಿದರೆ ಏನು ಮಾಡುವೆ ಎಂದು ಕೇಳಿದಾಗ, ಕೂಡಲೇ ಭದ್ರತಾ ಅಧಿಕಾರಿಗೆ ತಿಳಿಸುವೆನೆಂದೆನು. ನಾನು ಅಲ್ಲಿ ಆಡಿದ್ದು ಮನಸ್ಸಿನ ಮಾತು. ಅಣ್ಣನೂ ಅದನ್ನೇ ಬಯಸುವನೆಂದು ಬಲ್ಲೆ.

ಕ್ಲಿಯರೆನ್ಸ್ ಬಂದ ಮೇಲೂ ಕರ್ತವ್ಯ ಮುಗಿಯುವುದಿಲ್ಲ. ಹಬ್ಬಕ್ಕಾಗಲಿ ಮದುವೆಗಾಗಲಿ ತವರಾದ ಮೈಸೂರಿಗೆ ಹೊರಡುವ ಮೊದಲು ಪ್ರಯಾಣವನ್ನು ಭದ್ರತಾ ಅಧಿಕಾರಿಗೆ ವರದಿಮಾಡಿಯೇ ಹೊರಡುವೆನು. ಅಣ್ಣ ಬಡ್ತಿ ಪಡೆದಾಗಲೂ ಅದನ್ನು ತಿಳಿಸಿದೆನು.