ಸಿನಿಮಾದಲ್ಲಿ ಬಂದ ಕಣ್ಣೀರು ಎಲ್ಲಿಗೆ ಹೋಗಬೇಕು?

ಓದುವ ಭಾಗ: 2 ಸಮುವೇಲ 12:1-7, ಯೋಹಾನ 11:33-44

ಪ್ರಿಯ ಯೌವನಸ್ಥರೇ, ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ: "ಬ್ರದರ್, ಪ್ರೇಯರ್‌ನಲ್ಲಿ ಕಣ್ಣೀರು ಬರಲ್ಲ, ಸಿನಿಮಾ ನೋಡಿದ್ರೆ ಬರುತ್ತೆ. ನನ್ನ ಹೃದಯ ಸರಿ ಇಲ್ವಾ?"

2022ರ ಜೂನ್‌ನಲ್ಲಿ '777 ಚಾರ್ಲಿ' ಬಂತು. ಧರ್ಮ ಅನ್ನೋ ಒಂಟಿ ಮನುಷ್ಯ, ಅವನ ಮನೆಗೆ ಬಂದ ಒಂದು ನಾಯಿ. ಅದಕ್ಕೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, ಹಿಮ ತೋರಿಸೋಕೆ ಅಷ್ಟು ದೂರ ಕರ್ಕೊಂಡು ಹೋಗ್ತಾನೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೂ ನೋಡಿ ಅತ್ತರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸತ್ತಿತ್ತು. ಸಿನಿಮಾ ಎಷ್ಟೋ ಸಲ ಹೊಸ ದುಃಖ ಕೊಡಲ್ಲ. ನಾವು ಒಳಗೆ ಮುಚ್ಚಿಟ್ಟಿದ್ದನ್ನು ಹೊರಗೆ ತರುತ್ತೆ.

ಈಗ ವಾಕ್ಯಕ್ಕೆ ಬನ್ನಿ. ನಾತಾನನು ದಾವೀದನಿಗೆ ಒಂದು ಕಥೆ ಹೇಳ್ತಾನೆ. ಒಬ್ಬ ಬಡವ, ಅವನಿಗೆ ಇದ್ದದ್ದು ಒಂದೇ ಕುರಿಮರಿ. ಮಕ್ಕಳ ಜೊತೆ ಬೆಳೆದದ್ದು, ಅವನ ತಟ್ಟೆಯಲ್ಲೇ ಪಾಲು ಪಡೆದದ್ದು. ಅದನ್ನು ಒಬ್ಬ ಶ್ರೀಮಂತ ಕಿತ್ಕೊಂಡು ಅತಿಥಿಗೆ ಅಡುಗೆ ಮಾಡಿಸ್ತಾನೆ. ಕೇಳಿ ದಾವೀದ ಕೆಂಡವಾದ. ಕುರಿಮರಿಗೋಸ್ಕರ ಇಷ್ಟು ಮರುಗಿದ ರಾಜ, ತಾನೇ ಕೊಲ್ಲಿಸಿದ ಊರೀಯನಿಗೋಸ್ಕರ ಮರುಗಿರಲಿಲ್ಲ! ಹೃದಯ ಕಲ್ಲಾಗಿರಲಿಲ್ಲ ಪ್ರಿಯರೇ, ತನ್ನ ಮನೆ ಕಡೆ ಮಾತ್ರ ಬಾಗಿಲು ಹಾಕಿಕೊಂಡಿತ್ತು. ದೇವರು ಆ ಬಾಗಿಲನ್ನು ಒಂದು ಕಥೆಯಿಂದ ತೆರೆದರು.

ನಮ್ಮ ವಿಷಯ? ಥಿಯೇಟರ್‌ನಲ್ಲಿ ಧರ್ಮನನ್ನು ನಾವು ಯಾಕೆ ಪ್ರೀತಿಸ್ತೀವಿ? ಚಿಕ್ಕ ವಯಸ್ಸಲ್ಲಿ ಮನೆಯವರನ್ನೆಲ್ಲ ಕಳ್ಕೊಂಡವನು ಅಂತ ನಮಗೆ ಗೊತ್ತು. ಅವನ ಕಾಲೋನಿಯವರಿಗೆ ಕಂಡಿದ್ದು ಸಿಡುಕ ಮಾತ್ರ. ನಿಮ್ಮ ಪಿಜಿಯಲ್ಲಿ ಯಾರ ಜೊತೆಗೂ ಮಾತಾಡದ ರೂಮ್‌ಮೇಟ್, ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲದಕ್ಕೂ ರೇಗೋ ಅಂಕಲ್, ಅವರ ಕಥೆ ನೀವು ಕೇಳಿದ್ದೀರಾ? ಎರಡೂಮುಕ್ಕಾಲು ಗಂಟೆ ಪರದೆ ಮುಂದೆ ಕೂತವರಿಗೆ, ಅವರ ಜೊತೆ ಹತ್ತು ನಿಮಿಷ ಕೂರೋಕೆ ಆಗಲ್ವಾ?

ಲಾಜರನ ವಿಷಯದಲ್ಲಿ ಯೇಸು ಸ್ವಾಮಿಯನ್ನು ನೋಡಿ. ಎಬ್ಬಿಸ್ತೀನಿ ಅಂತ ಗೊತ್ತಿದ್ದರೂ ಅತ್ತರು. ಹಾಗಾಗಿ ಅಳೋದು ಅವಿಶ್ವಾಸ ಅಂತ ಯಾರೂ ಹೇಳಬೇಡಿ. ಆದ್ರೆ ಅತ್ತವರು ಅಲ್ಲೇ ನಿಲ್ಲಲಿಲ್ಲ, ಸಮಾಧಿ ಹತ್ತಿರ ಹೋದರು, ಕಲ್ಲು ತೆಗೆಸಿದರು.

ಮುಂದಿನ ಸಲ ಯಾವುದೋ ಸಿನಿಮಾ ನಿಮ್ಮನ್ನು ಅಳಿಸಿದ್ರೆ ಕೂಡಲೇ ರೀಲ್ಸ್ ತೆರೀಬೇಡಿ. ಐದು ನಿಮಿಷ ಸುಮ್ಮನೆ ಕೂತು ಎರಡು ಪ್ರಶ್ನೆ ಕೇಳಿ: "ಕರ್ತನೇ, ನನ್ನೊಳಗಿನ ಯಾವ ಗಾಯವನ್ನು ಇದು ಮುಟ್ಟಿತು? ನಾನು ಯಾರ ಹತ್ತಿರ ಹೋಗಬೇಕು?" ಒಂದು ಹೆಸರು ಮನಸ್ಸಿಗೆ ಬಂದ್ರೆ ಆ ವಾರವೇ ಫೋನ್ ಮಾಡಿ. ನಿಮ್ಮ ದುಃಖವೇ ದಿನಗಟ್ಟಲೆ ಬಿಡದೆ ಕಾಡ್ತಿದ್ರೆ, ಒಬ್ಬರೇ ಹೊರಬೇಡಿ. ನಮ್ಮ ಹತ್ತಿರ ಬನ್ನಿ, ಪ್ರಾರ್ಥಿಸೋಣ. ಡಾಕ್ಟರ್ ಹತ್ತಿರ ಹೋಗಬೇಕಾದ್ರೂ ಜೊತೆಗೆ ಬರ್ತೀವಿ.

ಪ್ರಾರ್ಥಿಸೋಣ. ತಂದೆಯೇ, ಕಥೆಗಳಿಗೆ ಕರಗುವ ನಮ್ಮ ಹೃದಯ ಪಕ್ಕದಲ್ಲಿರುವವರಿಗೂ ಕರಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.