ಜಾಲಪುಟದಲ್ಲಿ ದುಂಡುಮೂಲೆ

ಬೆಳ್ಳಂದೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಜಾಲಪುಟಗಳನ್ನು ರಚಿಸುವ ಕೆಲಸ ಇಂದು ಅನೇಕರಿಗೆ ಜೀವನೋಪಾಯವಾಗಿದೆ. ಕಲಾವಿಭಾಗದ ವಿದ್ಯಾರ್ಥಿಗಳಿಗೂ ಆ ಬಾಗಿಲು ತೆರೆದಿರುವುದರಿಂದ, ಆ ವಿದ್ಯೆಯ ಒಂದು ಸಣ್ಣ ಸಮಸ್ಯೆಯನ್ನು ಇಲ್ಲಿ ವಿವೇಚಿಸುವುದು ಅಪ್ರಸ್ತುತವಾಗಲಾರದು. ಪುಟದ ಚೌಕಟ್ಟುಗಳ ಮೂಲೆಗಳನ್ನು ಹಳೆಯ ಬ್ರೌಸರುಗಳಲ್ಲಿಯೂ ದುಂಡಗೆ ಕಾಣಿಸುವುದು ಹೇಗೆಂಬುದೇ ಆ ಸಮಸ್ಯೆ.

ಈಗ ಇದು ಬಲು ಸುಲಭ. ಸಿ.ಎಸ್.ಎಸ್. ಎಂಬ ವಿನ್ಯಾಸದ ಭಾಷೆಯಲ್ಲಿ 'ಬಾರ್ಡರ್-ರೇಡಿಯಸ್' ಎಂದು ಬರೆದು, ಮುಂದೆ 10 ಪಿಕ್ಸೆಲ್ ಎಂದು ಸೂಚಿಸಿದರೆ, ಪ್ರತಿ ಮೂಲೆಯಲ್ಲಿಯೂ ಅಷ್ಟು ತ್ರಿಜ್ಯದ ಕಾಲುವೃತ್ತ ಮೂಡುತ್ತದೆ. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಈ ಮಾತು ಅರ್ಥವಾದದ್ದು 2011ರಲ್ಲಿ ಬಂದ 9ನೆಯ ಆವೃತ್ತಿಯಿಂದ. ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರಗಳಿಗೆ 8ನೆಯದೇ ಕೊನೆಯದು. 2001ರಲ್ಲಿ 'ತುಂಗಾ' ಎಂಬ ಕನ್ನಡ ಫಾಂಟನ್ನು ತನ್ನೊಡನೆ ತಂದದ್ದೂ ಅದೇ ಎಕ್ಸ್‌ಪಿ. ದುಂಡಾದ ಕನ್ನಡ ಅಕ್ಷರಗಳನ್ನು ತೋರಿಸುತ್ತಿದ್ದ ಆ ಎಕ್ಸ್‌ಪ್ಲೋರರು ದುಂಡುಮೂಲೆಯನ್ನು ಮಾತ್ರ ತೋರಿಸಲಾರದೆ ಹೋಯಿತು.

ಇದಕ್ಕೆ ಮೂರು ಮಾರ್ಗಗಳುಂಟು. ಮೊದಲನೆಯದು ಚಿತ್ರಗಳದು. ಒಂದರೊಳಗೊಂದರಂತೆ ನಾಲ್ಕು ಪೆಟ್ಟಿಗೆಗಳನ್ನಿಟ್ಟು, ಒಂದೊಂದರ ಹಿನ್ನೆಲೆಗೂ ಒಂದೊಂದು ಮೂಲೆಯ ಚಿತ್ರವನ್ನು ಕೂರಿಸುವುದು. ಬರಹ ಹೆಚ್ಚಿ ಪೆಟ್ಟಿಗೆ ಹಿಗ್ಗಿದರೂ ಮೂಲೆ ಕೆಡದು. ಆದರೆ ಬಣ್ಣ ಬದಲಾದರೆ ನಾಲ್ಕನ್ನೂ ಮತ್ತೆ ಬರೆಯಬೇಕು. ನಿಧಾನವಾದ ಸಂಪರ್ಕದಲ್ಲಿ ಚಿತ್ರಗಳಿಗಾಗಿ ಕಾಯಬೇಕು.

ಎರಡನೆಯದು, ಹಳೆಯ ಎಕ್ಸ್‌ಪ್ಲೋರರಿನಲ್ಲಿಯೇ ಇದ್ದ ವಿ.ಎಂ.ಎಲ್. ಎಂಬ ರೇಖಾಚಿತ್ರ ಸೌಕರ್ಯದಿಂದ ಮೂಲೆಯನ್ನು ಬಿಡಿಸುವುದು. 'ಸಿ.ಎಸ್.ಎಸ್.3 ಪೈ' ಎಂಬ ಸಾಧನ ಹೀಗೆಯೇ ಕೆಲಸ ಮಾಡುತ್ತಿತ್ತು. ಸ್ಕ್ರಿಪ್ಟನ್ನು ನಿಲ್ಲಿಸಿದ ಯಂತ್ರದಲ್ಲಿ ಇದೂ ನಿಷ್ಫಲ.

ಮೂರನೆಯದು, ಸುಮ್ಮನಿರುವುದು. ತಾನರಿಯದ ಸೂಚನೆಯನ್ನು ಬಿಟ್ಟು ಮುಂದೆ ಸಾಗುವುದು ಸಿ.ಎಸ್.ಎಸ್.ನ ನಿಯಮ. ಆದ್ದರಿಂದ ಹೊಸ ಬ್ರೌಸರಿನಲ್ಲಿ ಮೂಲೆ ದುಂಡಗೂ ಹಳೆಯದರಲ್ಲಿ ಚೌಕವಾಗಿಯೂ ಕಾಣುತ್ತದೆ. ಬರಹದಲ್ಲಿ ಒಂದಕ್ಷರವೂ ಕಳೆಯುವುದಿಲ್ಲ.

ಇವುಗಳಲ್ಲಿ ಮೂರನೆಯದೇ ಶ್ರೇಯಸ್ಕರವೆಂದು ಈ ಲೇಖಕನ ಅಭಿಪ್ರಾಯ. ತಾಲ್ಲೂಕು ಕೇಂದ್ರದ ಹಳೆಯ ಯಂತ್ರದಲ್ಲಿ ಪಹಣಿ ನೋಡಬಂದ ರೈತನಿಗೆ ಬೇಕಾದುದು ಸರ್ವೆ ನಂಬರು, ಮೂಲೆಯ ಸೊಬಗಲ್ಲ. ಸೊಬಗಿಗಾಗಿ ಅವನನ್ನು ಕಾಯಿಸುವುದು ನ್ಯಾಯವಲ್ಲ.

ಎಕ್ಸ್‌ಪಿಗೆ ದೊರೆಯುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರೂ ನಿವೃತ್ತವಾಯಿತು. ದುಂಡುಮೂಲೆಯ ತೊಡಕು ಹೀಗೆ ತೀರಿತಾದರೂ ಹೊಸ ಅಲಂಕಾರಗಳು ಬರುತ್ತಲೇ ಇವೆ, ಹಳೆಯ ಫೋನುಗಳು ಬಡವರ ಕೈಯಲ್ಲಿ ಉಳಿದೇ ಇವೆ. ಮೊದಲು ವಿಷಯವು ಎಲ್ಲರಿಗೂ ತಲುಪಲಿ, ಅಲಂಕಾರವು ಸಾಧ್ಯವಾದವರಿಗೆ ದೊರೆಯಲಿ ಎಂಬ ಸೂತ್ರವನ್ನು ಈ ವಿದ್ಯೆಗೆ ಕೈಹಾಕುವ ವಿದ್ಯಾರ್ಥಿಮಿತ್ರರು ಮರೆಯಬಾರದು.