ರೂಪಕ: ಒಂದು ಶಬ್ದ, ಎರಡು ಅರ್ಥ

ಅಲಂಕಾರದ ಪಾಠದಲ್ಲಿ ರೂಪಕವೆಂಬುದು ಒಂದು ಅರ್ಥಾಲಂಕಾರ. ನಾಟ್ಯದ ಪಾಠಕ್ಕೆ ಬಂದರೆ ಅದೇ ಶಬ್ದವು ದೃಶ್ಯಕಾವ್ಯದ ಹೆಸರಾಗಿ ನಿಲ್ಲುತ್ತದೆ. ವಿದ್ಯಾರ್ಥಿಗಳು ಇವೆರಡೂ ಬೇರೆ ಬೇರೆ ಮಾತುಗಳೆಂದು ಉರುಹೊಡೆದು ಮುಂದೆ ಸಾಗುವುದುಂಟು. ಅದರಿಂದಾಗುವ ನಷ್ಟ ಸಣ್ಣದಲ್ಲ. ವಚನಗಳನ್ನು ಓದುವವರಿಗಂತೂ ಬಹಳ ದೊಡ್ಡದು.

ಮೊದಲು ನಾಟ್ಯದ ಅರ್ಥವನ್ನು ನೋಡೋಣ. 10ನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನು ಭರತಮುನಿಯ ಮಾರ್ಗವನ್ನು ಅನುಸರಿಸಿ ‘ದಶರೂಪಕ’ವನ್ನು ರಚಿಸಿದನು. ನಮ್ಮ ಬಳಕೆಯಲ್ಲಿ ರಂಗದ ಮೇಲೆ ಬಂದುದೆಲ್ಲವೂ ‘ನಾಟಕ’ವೇ, ಶಾಸ್ತ್ರದಲ್ಲಿ ನಾಟಕವು ಆ ಹತ್ತರಲ್ಲಿ ಒಂದು ಮಾತ್ರ. ಪ್ರಖ್ಯಾತವಾದ ಕಥೆ, ಉದಾತ್ತನಾದ ನಾಯಕ, 5ರಿಂದ 10ರವರೆಗಿನ ಅಂಕಗಳು ಅದರ ಲಕ್ಷಣ. ಕಾಳಿದಾಸನ ಶಾಕುಂತಲವು 7 ಅಂಕಗಳ ನಾಟಕ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು (1843–1891) ಅದನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಕಥೆಯು ಕವಿಕಲ್ಪಿತವಾದರೆ ಅದು ಪ್ರಕರಣ. ಶೂದ್ರಕನ ಮೃಚ್ಛಕಟಿಕ ಇದಕ್ಕೆ ನಿದರ್ಶನ. ಒಬ್ಬನೇ ನಟನು ಒಂದೇ ಅಂಕದಲ್ಲಿ ನಡೆಸಿಕೊಡುವುದು ಭಾಣ. ನಗೆಯೇ ಪ್ರಧಾನವಾದುದು ಪ್ರಹಸನ. ಉಳಿದವುಗಳ ಪಟ್ಟಿ ಪರೀಕ್ಷೆಗೆ ಬೇಕಾದೀತು, ಇಲ್ಲಿ ಬೇಡ.

ಈ ಹತ್ತಕ್ಕೂ ರೂಪಕವೆಂಬ ಹೆಸರೇಕೆ? ನಟನಲ್ಲಿ ಪಾತ್ರದ ರೂಪವನ್ನು ಆರೋಪಿಸುವುದರಿಂದ. ಇದು ನ್ಯಾಯಾಲಯದ ಆರೋಪವಲ್ಲ. ಒಂದರ ಮೇಲೆ ಇನ್ನೊಂದನ್ನು ಏರಿಸುವುದು. ಹರಿಶ್ಚಂದ್ರನ ವೇಷ ಧರಿಸಿದ ನಟನು ಕಾಡಿನಲ್ಲಿ ಮಡದಿಮಕ್ಕಳೊಡನೆ ನಡೆಯುವಾಗ ಪ್ರೇಕ್ಷಕನ ಅರಿವು ಎಂತಹುದು? ಶ್ರೀಶಂಕುಕನೆಂಬ ಆಲಂಕಾರಿಕನು ಇದಕ್ಕೆ ಚಿತ್ರದ ಕುದುರೆಯ ನ್ಯಾಯವನ್ನು ಹೇಳಿದ್ದಾನೆ. ಚಿತ್ರದಲ್ಲಿ ಬರೆದ ಕುದುರೆಯನ್ನು ಮಗುವೂ ಕುದುರೆಯೆಂದೇ ಕರೆಯುತ್ತದೆ. ಅದು ನಿಜವಾದ ಕುದುರೆಯೆಂಬ ಜ್ಞಾನವಲ್ಲ, ಭ್ರಾಂತಿಯಲ್ಲ, ಹೌದೋ ಅಲ್ಲವೋ ಎಂಬ ಸಂದೇಹವೂ ಅಲ್ಲ. ಕುದುರೆಯ ಹಾಗಿದೆ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕರಿಂದಲೂ ಬೇರೆಯಾದ ಅರಿವು ಅದು. ನಟನಲ್ಲಿ ಹರಿಶ್ಚಂದ್ರನನ್ನು ಕಾಣುವುದೂ ಹಾಗೆಯೇ.

ಈಗ ಅಲಂಕಾರಕ್ಕೆ ಬರೋಣ. ಅಲ್ಲಿಯೂ ನಡೆಯುವುದು ಆರೋಪವೇ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ತಾಯಿಯು ‘ಮಗು ಬೆಣ್ಣೆಯಂತೆ ಮೃದು’ ಎಂದರೆ ಉಪಮೆ: ಮಗು ಉಪಮೇಯ, ಬೆಣ್ಣೆ ಉಪಮಾನ, ಮೃದುತ್ವ ಸಾಧಾರಣಧರ್ಮ, ‘ಅಂತೆ’ ಎಂಬುದು ವಾಚಕ. ‘ಈ ಮಗು ನನ್ನ ಬೆಣ್ಣೆಯ ಮುದ್ದೆ’ ಎಂದಾಗ ‘ಅಂತೆ’ ಬಿದ್ದುಹೋಗಿ ಬೆಣ್ಣೆಯು ಮಗುವಿನ ಮೇಲೆ ಏರಿತು, ಇದೇ ರೂಪಕ. ಮಗುವಿನ ಹೆಸರನ್ನೇ ಎತ್ತದೆ ‘ಬೆಣ್ಣೆಯ ಮುದ್ದೆ ಎದ್ದಿತೇ?’ ಎಂದು ಕೇಳಿದರೆ ಉಪಮೇಯವನ್ನು ಉಪಮಾನವು ನುಂಗಿಬಿಟ್ಟಿತು, ಅದು ಅತಿಶಯೋಕ್ತಿ. ಅಲಂಕಾರಶಾಸ್ತ್ರವನ್ನು ಓದದ ತಾಯಂದಿರು ಇಷ್ಟನ್ನೂ ದಿನವೂ ಆಡುತ್ತಾರೆ.

ವಚನಗಳನ್ನು ಓದುವವರಿಗೆ ಇದರಿಂದ ಏನು ಬಂತು? ಬಸವಣ್ಣನವರು ಸಿರಿವಂತರು ಕಟ್ಟಿಸುವ ಶಿವಾಲಯದ ಎದುರಿಗೆ ಬಡವನ ಒಡಲನ್ನೇ ಗುಡಿಯಾಗಿ ನಿಲ್ಲಿಸಿದ ವಚನವನ್ನು ಎಲ್ಲರೂ ಬಲ್ಲರು. ಗುಡಿಯ ಒಂದೊಂದು ಅಂಗವೂ ಮೈಯ ಒಂದೊಂದು ಅಂಗದ ಮೇಲೆ ಏರುವುದರಿಂದ ಇದು ಸಾಂಗರೂಪಕ. ಅರ್ಥ ಹೇಳುವವರು ಅನೇಕ ವೇಳೆ ‘ದೇಹವು ದೇಗುಲದಂತೆ’ ಎಂದು ಬಿಡಿಸುತ್ತಾರೆ. ಆ ಒಂದು ‘ಅಂತೆ’ ಬಂದೊಡನೆ ಕಲ್ಲಿನ ಗುಡಿಯೇ ಅಳತೆಗೋಲಾಗಿ, ದೇಹವು ಅದಕ್ಕೆ ಸಮವೆನಿಸಿಕೊಳ್ಳಲು ಕಾದು ನಿಲ್ಲಬೇಕಾಗುತ್ತದೆ. ಬಡವನಿಗೆ ಗುಡಿಯಿಲ್ಲವೆಂಬ ಕೊರತೆಯೂ ಹಾಗೆಯೇ ಉಳಿಯುತ್ತದೆ. ವಚನಕಾರರು ಹೇಳಿದ್ದು ಅದಲ್ಲ.

ಇನ್ನೊಂದು ಸೂಕ್ಷ್ಮವುಂಟು. ಬಸವಣ್ಣನವರದೇ ಶತಮಾನದಲ್ಲಿ, ಅಂದರೆ 12ನೆಯದರಲ್ಲಿ, ಕಾಶ್ಮೀರದಲ್ಲಿದ್ದ ರುಯ್ಯಕನು ‘ಅಲಂಕಾರಸರ್ವಸ್ವ’ದಲ್ಲಿ ಪರಿಣಾಮವೆಂಬ ಅಲಂಕಾರವನ್ನು ವಿವರಿಸಿದ್ದಾನೆ. ರೂಪಕದಲ್ಲಿ ಆರೋಪಿತವಸ್ತುವು ಬಣ್ಣವನ್ನಷ್ಟೇ ಕೊಡುತ್ತದೆ. ಬೆಣ್ಣೆಯ ಮುದ್ದೆಯೆಂದರೂ ಮಗುವನ್ನು ಯಾರೂ ಕಾಯಿಸಿ ತುಪ್ಪ ಮಾಡುವುದಿಲ್ಲ! ಪರಿಣಾಮದಲ್ಲಾದರೋ ಆರೋಪಿತವು ಪ್ರಕೃತವಸ್ತುವಾಗಿಯೇ ಮಾರ್ಪಟ್ಟು ಕಾರ್ಯಕ್ಕೆ ಒದಗುತ್ತದೆ. ಭಕ್ತನ ದೇಹದೇಗುಲದಲ್ಲಿ ಪೂಜೆಯು ನಿಜವಾಗಿ ನಡೆಯುತ್ತದೆ. ಆದುದರಿಂದ ಈ ವಚನಕ್ಕೆ ಪರಿಣಾಮವೆಂಬ ಹೆಸರೇ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ. ಅಂಗಾಂಗಗಳ ಆರೋಪವು ಸ್ಫುಟವಾಗಿರುವಾಗ ಸಾಂಗರೂಪಕವೇ ಸಾಕೆನ್ನುವ ಪಂಡಿತರೊಡನೆ ಈ ವಿಷಯದಲ್ಲಿ ಚರ್ಚೆಗೆ ಎಡೆಯುಂಟು. ‘ಅಂತೆ’ ಬೇಡವೆಂಬಲ್ಲಿ ಅವರಿಗೂ ನಮಗೂ ಭೇದವಿಲ್ಲ.